ರಕ್ತದ ತಕ್ಕಡಿ

ಬೆರಳಿನ ತುದಿಗೆ ಸೂಜಿ ತಾಗಿದಾಗ ಉಕ್ಕಿಬರುವ ಒಂದು ಹನಿ ನೆತ್ತರು ಬರಿಯ ಕಣ್ಣಿಗೆ ಕೆಂಪು ದ್ರವವಾಗಿ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದೊಂದು ಕಣಗಳ ಜಾತ್ರೆ. ರಕ್ತದ ಒಂದು ಘನ ಮಿಲಿಮೀಟರಿನಲ್ಲಿ, ಎಂದರೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಸುಮಾರು ೫೦ ಲಕ್ಷ ಕೆಂಪು ಕಣಗಳಿರುತ್ತವೆ. ಒಂದೊಂದು ಕಣದೊಳಗೆ ಸುಮಾರು ೨೭ ಕೋಟಿ ಹೀಮೋಗ್ಲೋಬಿನ್ ಅಣುಗಳು ಕಿಕ್ಕಿರಿದಿರುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹೊತ್ತು ದೇಹದ ಮೂಲೆಮೂಲೆಗೂ ಮುಟ್ಟಿಸುವ ಕೂಲಿಗಳು ಈ ಅಣುಗಳೇ. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನ. ಸತ್ತ ಕಣಗಳ ಸ್ಥಾನವನ್ನು ತುಂಬಲು ನಮ್ಮ ಮೂಳೆಗಳ ಮಜ್ಜೆ ಸೆಕೆಂಡಿಗೆ ೨೦ ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು, ನಾವು ಮಲಗಿರಲಿ, ಎದ್ದಿರಲಿ, ಬಿಡುವಿಲ್ಲದೆ ತಯಾರಿಸುತ್ತಿರುತ್ತದೆ.

ಹೀಮೋಗ್ಲೋಬಿನ್ ಅಣುವಿನ ರಚನೆಯನ್ನು ವಾಚಕರು ಸ್ವಲ್ಪ ಗಮನವಿಟ್ಟು ನೋಡಬೇಕು. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ. ವಯಸ್ಕರ ಹೀಮೋಗ್ಲೋಬಿನ್ನಿನಲ್ಲಿ ನಾಲ್ಕು ಪ್ರೋಟೀನು ಸರಪಣಿಗಳು ಒಂದನ್ನೊಂದು ಅಪ್ಪಿಕೊಂಡಿವೆ: ಎರಡು ಆಲ್ಫಾ ಸರಪಣಿಗಳು, ಎರಡು ಬೀಟಾ ಸರಪಣಿಗಳು. ಆಲ್ಫಾ, ಬೀಟಾ ಎಂದೊಡನೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ರೇಡಿಯಂ ಧಾತುವಿನ ಕಿರಣಗಳು ನೆನಪಾಗಬಹುದು. ಅವಕ್ಕೂ ಇವಕ್ಕೂ ಸಂಬಂಧವಿಲ್ಲ. ಎಲ್ಲ ವಿಜ್ಞಾನಗಳೂ ಒಂದೇ ಗ್ರೀಕ್ ವರ್ಣಮಾಲೆಯನ್ನು ಹಂಚಿಕೊಂಡದ್ದರಿಂದ ಬಂದ ಫಜೀತಿ ಇದು. ಆಲ್ಫಾ ಸರಪಣಿಯಲ್ಲಿ ೧೪೧ ಅಮಿನೋ ಆಮ್ಲಗಳು, ಬೀಟಾ ಸರಪಣಿಯಲ್ಲಿ ೧೪೬, ಮಣಿಸರದ ಮಣಿಗಳಂತೆ ಒಂದರ ಹಿಂದೊಂದು ಪೋಣಿಸಿಕೊಂಡಿವೆ. ಪ್ರತಿಯೊಂದು ಸರಪಣಿಯ ಮಡಿಲಲ್ಲಿಯೂ ಒಂದು ಕಬ್ಬಿಣದ ಪರಮಾಣುವನ್ನು ಹಿಡಿದ ಹೀಮ್ ಎಂಬ ಭಾಗವಿದೆ. ಆಮ್ಲಜನಕ ಕುಳಿತುಕೊಳ್ಳುವುದು ಅಲ್ಲಿ.

ಈ ಎರಡು ಬಗೆಯ ಸರಪಣಿಗಳನ್ನು ತಯಾರಿಸುವ ಆದೇಶಗಳು ನಮ್ಮ ಜೀವಕೋಶದಲ್ಲಿ ಒಂದೇ ಕಡೆ ಇಲ್ಲ. ಆಲ್ಫಾ ಸರಪಣಿಯ ಜೀನುಗಳು ೧೬ನೆಯ ವರ್ಣತಂತುವಿನಲ್ಲಿವೆ, ಬೀಟಾ ಸರಪಣಿಯ ಜೀನು ೧೧ನೆಯದರಲ್ಲಿದೆ. ಬೇರೆ ಬೇರೆ ಊರುಗಳಲ್ಲಿರುವ ಇಬ್ಬರು ಬಡಗಿಗಳಲ್ಲಿ ಒಬ್ಬನು ಬಾಗಿಲಿನ ಚೌಕಟ್ಟುಗಳನ್ನೂ ಮತ್ತೊಬ್ಬನು ಕದಗಳನ್ನೂ ಮಾಡುತ್ತಿದ್ದಾರೆಂದು ಭಾವಿಸಿ. ಇಬ್ಬರೂ ಸರಿಸಮನಾಗಿ ಕೆಲಸಮಾಡಿದರೆ ಮನೆಗಳಿಗೆ ಬಾಗಿಲುಗಳಾಗುತ್ತವೆ. ಒಬ್ಬನ ಕೈ ನಿಂತರೆ ಏನಾಗುತ್ತದೆ? ಬಾಗಿಲುಗಳು ಕಡಮೆಯಾಗುತ್ತವೆ ಎಂದು ಯಾರಾದರೂ ಹೇಳಿಯಾರು. ಆದರೆ ಕೆಲಸ ನಿಲ್ಲಿಸದ ಇನ್ನೊಬ್ಬ ಬಡಗಿಯ ಅಂಗಳದಲ್ಲಿ ಜೋಡಿಯಿಲ್ಲದ ಸರಕು ರಾಶಿಬಿದ್ದು ನಡೆಯಲು ದಾರಿಯಿಲ್ಲದಂತಾಗುವುದೆಂದು ಹೊಳೆಯುವುದು ಸ್ವಲ್ಪ ತಡವಾಗಿ. ಥಲಸೀಮಿಯಾ ಎಂಬ ಆನುವಂಶಿಕ ರಕ್ತರೋಗದ ವಿಷಯದಲ್ಲಿ ಇದು ಲೋಕಕ್ಕೆ ಹೊಳೆಯಲು ನಲವತ್ತು ವರ್ಷಗಳು ಬೇಕಾದುವು. ಅದನ್ನು ಅಳೆದು ತೋರಿಸಿದವರಲ್ಲಿ ಪ್ರಮುಖರು ಇಂಗ್ಲೆಂಡಿನ ವೈದ್ಯ ಡೇವಿಡ್ ವೆದರಾಲ್.

೧೯೨೫ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಮಕ್ಕಳ ವೈದ್ಯ ಥಾಮಸ್ ಕೂಲಿ ಈ ರೋಗವನ್ನು ಮೊದಲಬಾರಿಗೆ ಬೇರೆಯಾಗಿ ಗುರುತಿಸಿ ವರ್ಣಿಸಿದನು. ಹುಟ್ಟಿದಾಗ ಚೆನ್ನಾಗಿಯೇ ಇರುವ ಮಗು ಕೆಲವು ತಿಂಗಳುಗಳಲ್ಲಿ ಬಿಳಿಚಿಕೊಳ್ಳುತ್ತದೆ; ಹಾಲು ಕುಡಿಯಲೂ ಶಕ್ತಿ ಸಾಲದು. ಗುಲ್ಮ ಊದಿ ಹೊಟ್ಟೆ ಮುಂದೆ ಬರುತ್ತದೆ. ಮಜ್ಜೆಯು ಇಲ್ಲದ ರಕ್ತವನ್ನು ಹೇಗಾದರೂ ಮಾಡಿ ಒದಗಿಸಬೇಕೆಂದು ಹೆಣಗಿ ಹಿಗ್ಗುವುದರಿಂದ ತಲೆಯ ಮತ್ತು ಕೆನ್ನೆಯ ಮೂಳೆಗಳು ಉಬ್ಬಿ ಮುಖದ ಆಕಾರವೇ ಮಾರ್ಪಡುತ್ತದೆ. ರಕ್ತ ಕೊಡದಿದ್ದರೆ ಇಂಥ ಮಕ್ಕಳು ಬಹುಮಟ್ಟಿಗೆ ಬಾಲ್ಯದಲ್ಲಿಯೇ ತೀರಿಕೊಳ್ಳುತ್ತವೆ. ಕೂಲಿ ಕಂಡ ಮಕ್ಕಳು ಇಟಲಿ, ಗ್ರೀಸ್ ಕಡೆಯ ಮನೆತನಗಳವು. ಆದ್ದರಿಂದ, ಗ್ರೀಕ್ ಭಾಷೆಯಲ್ಲಿ ಕಡಲು ಎಂಬ ಅರ್ಥದ ‘ಥಲಸ್ಸ’ ಎಂಬ ಮಾತಿನಿಂದ ರೋಗಕ್ಕೆ ಹೆಸರು ಬಂದಿತು. ಹೆಸರೇನೋ ಇಂಪಾಗಿದೆ. ಆದರೆ ಮೆಡಿಟರೇನಿಯನ್ ತೀರವನ್ನು ಬಿಟ್ಟರೆ ಇದು ಬೇರೆಲ್ಲಿಯೂ ಅಪರೂಪವೆಂಬ ತಪ್ಪು ನಂಬಿಕೆಯನ್ನೂ ಅದು ಬಹುಕಾಲ ಪೋಷಿಸಿತು. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ೧೯೩೮ರಲ್ಲಿಯೇ ಕಲಕತ್ತೆಯಿಂದ ಒಂದು ವರದಿ ಪ್ರಕಟವಾಗಿತ್ತು.

ಡೇವಿಡ್ ವೆದರಾಲ್ ೧೯೩೩ರಲ್ಲಿ ಲಿವರ್‌ಪೂಲ್ ನಗರದಲ್ಲಿ ಹುಟ್ಟಿ, ೧೯೫೬ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದರು. ಆಗ ಬ್ರಿಟನ್ನಿನ ತರುಣರೆಲ್ಲ ಎರಡು ವರ್ಷ ಸೈನ್ಯದಲ್ಲಿ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕಾಗಿತ್ತು. ವೆದರಾಲರಿಗೆ ತಾಯ್ನಾಡಿನಲ್ಲಿಯೇ ಉಳಿಯುವ ಆಸೆ. ಸೈನ್ಯವು ಅವರನ್ನು ೧೯೫೮ರಲ್ಲಿ ಸಾವಿರಾರು ಮೈಲಿ ದೂರದ ಮಲಯಾಕ್ಕೆ ಕಳುಹಿಸಿತು. ಸಿಂಗಾಪುರದ ಸೈನಿಕ ಆಸ್ಪತ್ರೆಯಲ್ಲಿ ಅವರಿಗೆ ವಹಿಸಿದ್ದು ಮಕ್ಕಳ ವಾರ್ಡು. ಮಕ್ಕಳ ಚಿಕಿತ್ಸೆಯಲ್ಲಿ ಅವರಿಗೆ ವಿಶೇಷ ಅನುಭವವೇನೂ ಇರಲಿಲ್ಲ. ಆ ವಾರ್ಡಿನಲ್ಲಿ ನೇಪಾಳದ ಗೂರ್ಖಾ ಸೈನಿಕನೊಬ್ಬನ ಎಳೆಯ ಹೆಣ್ಣುಮಗು ಇತ್ತು. ತೀವ್ರವಾದ ರಕ್ತಹೀನತೆ. ಮತ್ತೆ ಮತ್ತೆ ರಕ್ತ ಕೊಟ್ಟು ಅದರ ಜೀವವನ್ನು ಹಿಡಿದಿಡಲಾಗಿತ್ತೇ ಹೊರತು ಕಾರಣ ಯಾರಿಗೂ ತಿಳಿದಿರಲಿಲ್ಲ.

ಇಪ್ಪತ್ತೈದು ವರ್ಷದ ವೈದ್ಯನಿಗೆ ಅದನ್ನು ಅಷ್ಟಕ್ಕೇ ಬಿಡುವ ಮನಸ್ಸಾಗಲಿಲ್ಲ. ಸಿಂಗಾಪುರದ ವಿಶ್ವವಿದ್ಯಾನಿಲಯದಲ್ಲಿದ್ದ ಜೀವರಸಾಯನ ವಿಜ್ಞಾನಿ ಫ್ರಾಂಕ್ ವೆಲ್ಲ ಅವರ ನೆರವಿನಿಂದ ಮಗುವಿನ ಹೀಮೋಗ್ಲೋಬಿನ್ನನ್ನು ಪರೀಕ್ಷಿಸಲು ತೊಡಗಿದರು. ಇದಕ್ಕೆ ಬಳಸಿದ ವಿಧಾನ ವಿದ್ಯುತ್ತಿನದು. ಸಲಕರಣೆ ಎಂದರೆ ಸೋಸುಕಾಗದದ ಪಟ್ಟಿ ಮತ್ತು ಮೋಟಾರು ಗಾಡಿಯ ಬ್ಯಾಟರಿಗಳು! ಇದನ್ನು ಭೌತವಿಜ್ಞಾನದ ಮೇಷ್ಟರ ದೃಷ್ಟಿಯಿಂದ ಸ್ವಲ್ಪ ವಿವರಿಸುವುದಕ್ಕೆ ವಾಚಕರು ಅನುಮತಿ ಕೊಡಬೇಕು. ಕ್ಷಾರ ದ್ರಾವಣದಲ್ಲಿ ಹೀಮೋಗ್ಲೋಬಿನ್ ಅಣುಗಳು ಋಣ ವಿದ್ಯುದಂಶವನ್ನು ತಳೆಯುತ್ತವೆ. ದ್ರಾವಣದಲ್ಲಿ ನೆನೆಸಿದ ಕಾಗದದ ಮೇಲೆ ಅವುಗಳ ಒಂದು ಹನಿಯನ್ನಿಟ್ಟು ಕಾಗದದ ಎರಡು ತುದಿಗಳ ನಡುವೆ ವಿದ್ಯುತ್ತನ್ನು ಹರಿಸಿದರೆ ಅವು ಧನ ತುದಿಯ ಕಡೆಗೆ ಮೆಲ್ಲನೆ ಸಾಗುತ್ತವೆ. ವಿದ್ಯುದಂಶ ಹೆಚ್ಚಾಗಿರುವ ಬಗೆಯದು ಮುಂದೆ ಹೋಗುತ್ತದೆ, ಕಡಮೆ ಇರುವುದು ಹಿಂದೆ ಬೀಳುತ್ತದೆ. ಕೆಲವು ಗಂಟೆಗಳಲ್ಲಿ ಕಾಗದದ ಮೇಲೆ ಬೇರೆ ಬೇರೆ ಪಟ್ಟೆಗಳು ಮೂಡುತ್ತವೆ. ಇದಕ್ಕೆ ಗೋಡೆಯ ಪ್ಲಗ್ಗಿನ ಪರ್ಯಾಯ ಪ್ರವಾಹ ಉಪಯೋಗವಿಲ್ಲ. ಅದರ ದಿಕ್ಕು ಸೆಕೆಂಡಿಗೆ ನೂರು ಬಾರಿ ತಿರುಗುವುದರಿಂದ ಅಣುಗಳು ಇದ್ದಲ್ಲಿಯೇ ತೂಗಾಡುತ್ತಿರುತ್ತವೆ. ಒಂದೇ ದಿಕ್ಕಿನ ಪ್ರವಾಹವನ್ನು ಎಡೆಬಿಡದೆ ಕೊಡುವ ಬ್ಯಾಟರಿ ಇಲ್ಲಿ ತಕ್ಕ ಸಾಧನ.

ಪರೀಕ್ಷೆಗಳು ತೋರಿಸಿದ ಉತ್ತರ ಥಲಸೀಮಿಯಾ. ಕಡಲಿನಿಂದ ಬಲು ದೂರದ ಹಿಮಾಲಯದ ಮಗುವಿಗೆ ‘ಕಡಲಿನ ರೋಗ’! ವೆದರಾಲ್ ಮತ್ತು ವೆಲ್ಲ ಈ ಕುಟುಂಬದ ವಿವರವನ್ನು ೧೯೬೦ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತರುಣ ಸಂಶೋಧಕನಿಗೆ ಶಹಬಾಸ್ ಸಿಕ್ಕಿರಬೇಕೆಂದು ಊಹಿಸಿದರೆ ತಪ್ಪಾದೀತು. ಸೈನ್ಯದ ಅನುಮತಿಯನ್ನು ಕೇಳದೆ ಬರೆದದ್ದು ಒಂದು ಅಪರಾಧ. ಶೌರ್ಯಕ್ಕೆ ಹೆಸರಾದ ಗೂರ್ಖಾ ಪಡೆಯವರ ರಕ್ತದಲ್ಲಿ ಆನುವಂಶಿಕ ದೋಷ ಉಂಟೆಂದು ಲೋಕಕ್ಕೆ ಸಾರಿದ್ದು ಇನ್ನೊಂದು. ಸೈನಿಕ ನ್ಯಾಯಾಲಯದ ಕಟಕಟೆಯ ಸಮೀಪಕ್ಕೆ ಹೋಗಿಬಂದುದನ್ನು ವೆದರಾಲ್ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದರು. ರೋಗವನ್ನು ಅವಮಾನವೆಂದು ಎಣಿಸುವ ಈ ಬುದ್ಧಿಯನ್ನು ಅವರು ತಮ್ಮ ಬಾಳಿನುದ್ದಕ್ಕೂ ಬೇರೆ ಬೇರೆ ದೇಶಗಳಲ್ಲಿ ಎದುರಿಸಬೇಕಾಯಿತು.

೧೯೬೦ರಲ್ಲಿ ಸೈನ್ಯದಿಂದ ಬಿಡುಗಡೆಯಾದ ವೆದರಾಲ್ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಗೆ ಹೋದರು. ರಕ್ತದ ಆನುವಂಶಿಕ ರೋಗಗಳ ಅಧ್ಯಯನಕ್ಕೆ ಅದು ಸುಗ್ಗಿಯ ಕಾಲ. ೧೯೪೯ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ಕುಡುಗೋಲು ಕಣದ ರಕ್ತಹೀನತೆ ಎಂಬ ರೋಗದಲ್ಲಿ ಹೀಮೋಗ್ಲೋಬಿನ್ ಅಣುವೇ ಬೇರೆಯಾಗಿದೆಯೆಂದು ವಿದ್ಯುತ್ತಿನ ವಿಧಾನದಿಂದಲೇ ತೋರಿಸಿದ್ದರು. ಕೇಂಬ್ರಿಜ್‌ನಲ್ಲಿ ವರ್ನನ್ ಇನ್‌ಗ್ರಾಮ್ ಆ ವ್ಯತ್ಯಾಸವೆಲ್ಲ ಬೀಟಾ ಸರಪಣಿಯ ಒಂದೇ ಒಂದು ಅಮಿನೋ ಆಮ್ಲದಲ್ಲಿದೆಯೆಂದು ೧೯೫೭ರ ವೇಳೆಗೆ ಕಂಡುಹಿಡಿದಿದ್ದರು. ಒಂದು ಜೀನಿನ ಒಂದು ಅಕ್ಷರ ತಪ್ಪಿದರೆ ಒಂದು ರೋಗ! ಆದರೆ ಥಲಸೀಮಿಯಾ ಈ ಸುಂದರ ಚಿತ್ರಕ್ಕೆ ಒಗ್ಗಲಿಲ್ಲ. ರೋಗಿಗಳ ಹೀಮೋಗ್ಲೋಬಿನ್ನಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಅಕ್ಷರ ಕಾಣಲಿಲ್ಲ. ಇದ್ದಷ್ಟು ಸರಪಣಿ ನಿರ್ದುಷ್ಟವಾಗಿತ್ತು. ಹಾಗಾದರೆ ಕೊರತೆ ಗುಣದಲ್ಲಿ ಇಲ್ಲ, ಪ್ರಮಾಣದಲ್ಲಿದೆ. ಆಲ್ಫಾ ಸರಪಣಿ ಸಾಲದೆ ಬರುವುದು ಒಂದು ಬಗೆ, ಬೀಟಾ ಸಾಲದೆ ಬರುವುದು ಇನ್ನೊಂದು ಬಗೆ ಎಂದು ಇನ್‌ಗ್ರಾಮ್ ಮತ್ತು ಸ್ಟ್ರೆಟನ್ ೧೯೫೯ರಲ್ಲಿ ಸೂಚಿಸಿದರು. ಸೂಚನೆ ಚೆನ್ನಾಗಿತ್ತು. ಆದರೆ ಅಳೆದು ನೋಡುವ ಬಗೆ ಹೇಗೆ? ಸಿದ್ಧವಾದ ಹೀಮೋಗ್ಲೋಬಿನ್ನನ್ನು ಅಳೆದು ಪ್ರಯೋಜನವಿಲ್ಲ. ಅದರಲ್ಲಿ ಯಾವಾಗಲೂ ಎರಡಕ್ಕೆ ಎರಡರ ಲೆಕ್ಕವೇ ಇರುತ್ತದೆ. ಮನೆಗೆ ಕೂಡಿಸಿದ ಬಾಗಿಲುಗಳನ್ನು ಎಣಿಸಿದರೆ ಚೌಕಟ್ಟುಗಳ ಬಡಗಿ ಎಷ್ಟು ಕೆಲಸಮಾಡಿದ, ಕದಗಳ ಬಡಗಿ ಎಷ್ಟು ಮಾಡಿದ ಎಂಬುದು ತಿಳಿಯುವುದೇ? ಕೆಲಸ ನಡೆಯುತ್ತಿರುವಾಗಲೇ ಹೋಗಿ ನೋಡಬೇಕು.

ಇದಕ್ಕೆ ದಾರಿ ತೋರಿಸಿದ್ದು ವಿಕಿರಣಶೀಲ ಇಂಗಾಲ. ಮಜ್ಜೆಯಿಂದ ಆಗತಾನೆ ಹೊರಬಂದ ಎಳೆಯ ಕೆಂಪು ಕಣಗಳು ಒಂದೆರಡು ದಿನ ಹೀಮೋಗ್ಲೋಬಿನ್ನನ್ನು ತಯಾರಿಸುತ್ತಲೇ ಇರುತ್ತವೆ. ರೋಗಿಯ ರಕ್ತದಿಂದ ಅವನ್ನು ತೆಗೆದು ಮೈಯ ಶಾಖದಲ್ಲಿಯೇ ಇಟ್ಟು, ಲ್ಯೂಸಿನ್ ಎಂಬ ಅಮಿನೋ ಆಮ್ಲವನ್ನು ಉಣಿಸುತ್ತಾರೆ. ಈ ಲ್ಯೂಸಿನ್ನಿನ ಇಂಗಾಲ ಸಾಮಾನ್ಯವಾದುದಲ್ಲ. ೧೪ ಪರಮಾಣು ತೂಕದ, ಬೀಟಾ ಕಣಗಳನ್ನು ಸೂಸುವ ಸಮಸ್ಥಾನಿ. ಹೊಸದಾಗಿ ಹುಟ್ಟುವ ಪ್ರತಿಯೊಂದು ಸರಪಣಿಗೂ ಹೀಗೆ ಗುರುತು ಬೀಳುತ್ತದೆ. ಇಂಗಾಲ ೧೪ರ ಅರ್ಧಾಯು ಸುಮಾರು ೫೭೦೦ ವರ್ಷ. ಪ್ರಯೋಗದ ಕೆಲವು ದಿನಗಳಲ್ಲಿ ಗುರುತು ಮಾಸುವ ಭಯವಿಲ್ಲ. ಬಳಿಕ ಕಣಗಳನ್ನು ಒಡೆದು, ಹೀಮ್ ಭಾಗವನ್ನು ತೆಗೆದುಹಾಕಿ, ಆಲ್ಫಾ ಬೀಟಾ ಸರಪಣಿಗಳನ್ನು ಬೇರ್ಪಡಿಸಿ, ಯಾವುದರಿಂದ ಎಷ್ಟು ವಿಕಿರಣ ಬರುತ್ತಿದೆ ಎಂದು ಎಣಿಸಿದರಾಯಿತು.

‘ಬೇರ್ಪಡಿಸಿ’ ಎಂದು ಬರೆಯುವುದು ಸುಲಭ. ಕಷ್ಟವೆಲ್ಲ ಇದ್ದದ್ದು ಆ ಒಂದು ಮಾತಿನಲ್ಲಿ. ಸರಪಣಿಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಬಿಟ್ಟರೆ ಅರ್ಧಂಬರ್ಧ ಬಿಟ್ಟು ಲೆಕ್ಕವನ್ನು ಕೆಡಿಸುತ್ತಿದ್ದುವು. ಜಾನ್ ಕ್ಲೆಗ್ ಎಂಬ ಜೀವರಸಾಯನ ವಿಜ್ಞಾನಿ ಮತ್ತು ಮೈಕೇಲ್ ನಾಟನ್ ಜೊತೆಗೂಡಿದ ಮೇಲೆ ಹಾದಿ ಸಿಕ್ಕಿತು. ಗಾಢವಾದ ಯೂರಿಯಾ ದ್ರಾವಣದಲ್ಲಿ ಹಾಕಿದಾಗ ಮಡಿಚಿಕೊಂಡಿದ್ದ ಸರಪಣಿಗಳು ಬಿಚ್ಚಿಕೊಂಡು ಪರಸ್ಪರ ಹಿಡಿತವನ್ನು ಸಡಿಲಿಸಿದುವು. ಸೆಲ್ಯುಲೋಸ್ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಬಿಟ್ಟಾಗ ಎರಡು ಬಗೆಗಳೂ ಬೇರೆ ಬೇರೆ ಹೊತ್ತಿನಲ್ಲಿ, ಚೊಕ್ಕಟವಾಗಿ, ಹೊರಬಂದುವು. ಈಗ ರೈತರ ಗದ್ದೆಗೆ ಬೀಳುವ ಯೂರಿಯಾ ಗೊಬ್ಬರವೂ ಇದೇ ವಸ್ತುವೆಂಬುದನ್ನು ಇಲ್ಲಿ ನೆನೆಯಬಹುದು. ೧೯೬೫ರಲ್ಲಿ ವೆದರಾಲ್, ಕ್ಲೆಗ್, ನಾಟನ್ ಮೂವರೂ ತಮ್ಮ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆರೋಗ್ಯವಂತರ ರಕ್ತದಲ್ಲಿ ತಕ್ಕಡಿ ಸಮನಾಗಿತ್ತು. ಒಂದು ಆಲ್ಫಾಕ್ಕೆ ಒಂದು ಬೀಟಾ. ಬೀಟಾ ಥಲಸೀಮಿಯಾದ ರೋಗಿಗಳಲ್ಲಿ ಬೀಟಾ ತಯಾರಿಕೆ ಬಹಳ ಕಡಮೆ, ಕೆಲವರಲ್ಲಿ ಸೊನ್ನೆ. ಆಲ್ಫಾ ಮಾತ್ರ ತನ್ನ ಪಾಡಿಗೆ ತಾನು ರಾಶಿಬೀಳುತ್ತಿತ್ತು. ಎರಡು ವರ್ಷ ಮೊದಲು, ೧೯೬೩ರಲ್ಲಿ, ಗ್ರೀಸ್ ದೇಶದ ಫೇಡನ್ ಫೆಸ್ಸಾಸ್ ಎಂಬ ವೈದ್ಯರು ರೋಗಿಗಳ ರಕ್ತಕಣಗಳಲ್ಲಿ ಗಡ್ಡೆಗಟ್ಟಿದ ಏನೋ ವಸ್ತುವನ್ನು ಕಂಡಿದ್ದರು. ಅದೇನೆಂಬುದು ಈಗ ಸ್ಪಷ್ಟವಾಯಿತು. ಜೊತೆಯಿಲ್ಲದ ಆಲ್ಫಾ ಸರಪಣಿಗಳು ನೀರಿನಲ್ಲಿ ಕರಗಿ ನಿಲ್ಲಲಾರವು. ಒತ್ತರಿಸಿ, ಎಳೆಯ ಕಣದ ಪೊರೆಯನ್ನು ಕೆಡಿಸುತ್ತವೆ. ಬಹುಪಾಲು ಕಣಗಳು ಮಜ್ಜೆಯಿಂದ ಹೊರಬೀಳುವ ಮೊದಲೇ ಸಾಯುತ್ತವೆ. ಹೊರಬಂದವನ್ನು ಗುಲ್ಮ ಹಿಡಿದು ನಾಶಮಾಡುತ್ತದೆ. ಹೀಗೆ ರೋಗಿಯನ್ನು ಕೊಲ್ಲುತ್ತಿದ್ದುದು ಇಲ್ಲದ ಸರಪಣಿಗಿಂತಲೂ ಮಿಕ್ಕ ಸರಪಣಿ.

ಈ ಒಂದು ತಿಳಿವಿನಿಂದ ಎಷ್ಟು ಗಂಟುಗಳು ಬಿಚ್ಚಿಕೊಂಡುವೆಂಬುದನ್ನು ನೋಡಿದರೆ, ಒಳ್ಳೆಯ ಅಳತೆಯ ಬೆಲೆಯೇನೆಂಬುದು ಮನವರಿಕೆಯಾಗುತ್ತದೆ. ಮಗು ಹುಟ್ಟಿದಾಗ ಚೆನ್ನಾಗಿರುವುದೇಕೆ? ಗರ್ಭದಲ್ಲಿ ಬೀಟಾ ಬದಲು ಗಾಮಾ ಎಂಬ ಬೇರೊಂದು ಸರಪಣಿ ಆಲ್ಫಾಕ್ಕೆ ಜೊತೆಯಾಗಿರುತ್ತದೆ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದು ಹಿಂದೆ ಸರಿದು ಬೀಟಾ ಬರಬೇಕು; ಬರದಿದ್ದಾಗ ಕಷ್ಟ ಆರಂಭವಾಗುತ್ತದೆ. ಒಂದೇ ದೋಷವುಳ್ಳ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ತಿಂಗಳಿಗೊಮ್ಮೆ ರಕ್ತ ಬೇಕು, ಇನ್ನೊಬ್ಬನು ರಕ್ತವಿಲ್ಲದೆಯೇ ಬೆಳೆದು ದೊಡ್ಡವನಾಗುತ್ತಾನೆ. ಇದೇಕೆ? ಎರಡನೆಯವನಲ್ಲಿ ಗಾಮಾ ಸರಪಣಿಯ ತಯಾರಿಕೆ ಮುಂದುವರಿದಿರಬಹುದು. ಅಥವಾ, ವಿಚಿತ್ರವೆನಿಸಿದರೂ ನಿಜ, ಅವನು ಬೀಟಾ ದೋಷದೊಡನೆ ಆಲ್ಫಾ ದೋಷವನ್ನೂ ಪಡೆದು ಹುಟ್ಟಿರಬಹುದು. ಕದಗಳ ಬಡಗಿ ಕೈಬಿಟ್ಟಾಗ ಚೌಕಟ್ಟುಗಳ ಬಡಗಿಯೂ ಅರ್ಧ ದಿನ ರಜೆ ಹಾಕಿದರೆ ಅಂಗಳದಲ್ಲಿ ರಾಶಿ ಕಡಮೆಯಾಗುವುದಷ್ಟೆ. ಎರಡು ಕೇಡುಗಳು ಕೂಡಿ ಒಂದು ಕೇಡಿಗಿಂತ ಹಗುರವಾಗುವ ಇಂಥ ಗಣಿತ ಮೆಂಡೆಲನ ಬಟಾಣಿ ತೋಟದಲ್ಲಿ ನಾವು ಕಲಿತುದಲ್ಲ.

೧೯೬೫ರಲ್ಲಿ ವೆದರಾಲ್ ಲಿವರ್‌ಪೂಲಿಗೆ ಮರಳಿದರು. ಕ್ಲೆಗ್ ಕೂಡ ಬಂದರು. ಇಬ್ಬರ ಸಹಯೋಗ ದಶಕಗಳ ಕಾಲ ಅಳಿಯದೆ ಉಳಿಯಿತು. ೧೯೭೧ರಲ್ಲಿ ಜಮೈಕದ ಒಂದು ಚೀನೀ ಮೂಲದ ಕುಟುಂಬದಲ್ಲಿ ಅವರು ಕಂಡ ವಿಚಿತ್ರ ಹೀಮೋಗ್ಲೋಬಿನ್ನಿಗೆ ಅಲ್ಲಿಯ ಸ್ಥಳದ ಹೆಸರಿನಿಂದ ‘ಕಾನ್‌ಸ್ಟಂಟ್ ಸ್ಪ್ರಿಂಗ್’ ಎಂದೇ ಹೆಸರಿಡಲಾಯಿತು. ಅದರ ಆಲ್ಫಾ ಸರಪಣಿಯಲ್ಲಿ ೧೪೧ರ ಬದಲು ೧೭೨ ಅಮಿನೋ ಆಮ್ಲಗಳಿದ್ದುವು. ಸರಪಣಿ ಇಲ್ಲಿಗೆ ಮುಗಿಯಿತೆಂದು ಸೂಚಿಸುವ ಜೀನಿನ ಪೂರ್ಣವಿರಾಮವೇ ಕೆಟ್ಟುಹೋಗಿ, ಓದುತ್ತಿದ್ದ ಜೀವಕೋಶ ಮುಂದಿನ ಅರ್ಥವಿಲ್ಲದ ಸಾಲನ್ನೂ ಓದಿಬಿಟ್ಟಿತ್ತು. ೧೯೭೪ರಲ್ಲಿ ಇನ್ನೂ ದೊಡ್ಡ ಸಂಗತಿ ಹೊರಬಿದ್ದಿತು. ಆಲ್ಫಾ ಥಲಸೀಮಿಯಾದ ಅತ್ಯಂತ ಘೋರ ರೂಪದಲ್ಲಿ ಮಗು ಗರ್ಭದಲ್ಲಿಯೇ ಅಥವಾ ಹುಟ್ಟಿದ ಕೂಡಲೆ ಸಾಯುತ್ತದೆ. ಅಂಥ ಶಿಶುಗಳ ಡಿಎನ್‌ಎಯಲ್ಲಿ ಆಲ್ಫಾ ಜೀನುಗಳೇ ಇಲ್ಲವೆಂದು ವೆದರಾಲ್, ಕ್ಲೆಗ್ ಮತ್ತು ಗ್ಲಾಸ್ಗೋದ ಸಂಶೋಧಕರು ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ವೈ. ಡಬ್ಲ್ಯು. ಕಾನ್ ಮತ್ತು ಸಂಗಡಿಗರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. ಮನುಷ್ಯನ ಒಂದು ರೋಗಕ್ಕೆ ಜೀನಿನ ಇಲ್ಲದಿರುವಿಕೆಯೇ ಕಾರಣವೆಂದು ಡಿಎನ್‌ಎ ಮಟ್ಟದಲ್ಲಿ ಕಂಡದ್ದು ಇದೇ ಮೊದಲು.

ಅದೇ ೧೯೭೪ರಲ್ಲಿ ವೆದರಾಲ್ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಮುಂದೆ ಬಂದ ‘ಸರ್’ ಪದವಿ, ೧೯೮೯ರಲ್ಲಿ ಅವರು ಕಟ್ಟಿದ ಅಣುವೈದ್ಯ ಸಂಶೋಧನಾಲಯ, ೨೦೧೦ರ ಲಾಸ್ಕರ್ ಪ್ರಶಸ್ತಿ ಇವುಗಳನ್ನು ಹೆಸರಿಸಿ ಮುಂದುವರಿಯೋಣ. ಅವರ ಗಮನವೆಲ್ಲ ಬೇರೊಂದು ಪ್ರಶ್ನೆಯ ಕಡೆಗೆ ತಿರುಗಿತ್ತು. ಇಷ್ಟು ಮಕ್ಕಳನ್ನು ಕೊಲ್ಲುವ ಜೀನು ತಲೆಮಾರು ತಲೆಮಾರಿಗೆ ಕ್ಷೀಣಿಸಿ ಅಳಿಯಬೇಕಾಗಿತ್ತು. ಅದರ ಬದಲು ಕೋಟ್ಯಂತರ ಜನರಲ್ಲಿ ಹರಡಿರುವುದೇಕೆ?

ಜೆ. ಬಿ. ಎಸ್. ಹಾಲ್ಡೇನ್ ಇದಕ್ಕೆ ೧೯೪೯ರಲ್ಲಿಯೇ ಒಂದು ಊಹೆಯನ್ನು ಮುಂದಿಟ್ಟಿದ್ದರು. ಮುಂದೆ ಭಾರತಕ್ಕೆ ಬಂದು ನೆಲೆಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನರೇ ಇವರು. ದೋಷಯುಕ್ತ ಜೀನು ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದವರು ರೋಗಿಗಳಲ್ಲ, ಬರಿಯ ವಾಹಕರು. ಇಂಥವರು ಮಲೇರಿಯಾವನ್ನು ಇತರರಿಗಿಂತ ಚೆನ್ನಾಗಿ ತಡೆದುಕೊಳ್ಳುವುದಾದರೆ, ಮಲೇರಿಯಾ ಇರುವ ನಾಡಿನಲ್ಲಿ ಜೀನು ಉಳಿಯುತ್ತದೆ. ಊಹೆಯನ್ನು ಪರೀಕ್ಷಿಸಲು ವೆದರಾಲರ ಬಳಗ ಪೆಸಿಫಿಕ್ ಸಾಗರದ ಪಾಪುವಾ ನ್ಯೂಗಿನಿ ಮತ್ತು ವನುವಾಟು ದ್ವೀಪಗಳನ್ನು ಆರಿಸಿಕೊಂಡಿತು. ೧೯೮೬ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸೊಳ್ಳೆಗಳು ತುಂಬಿದ ತಗ್ಗಿನ ಪ್ರದೇಶಗಳಲ್ಲಿ ಆಲ್ಫಾ ಥಲಸೀಮಿಯಾ ಬಹಳ, ಮಲೇರಿಯಾ ಇಲ್ಲದ ಎತ್ತರದ ಬೆಟ್ಟಗಳಲ್ಲಿ ವಿರಳ, ಸಮಭಾಜಕ ವೃತ್ತದಿಂದ ದೂರ ಸರಿದು ಮಲೇರಿಯಾ ಇಳಿಮುಖವಾದಂತೆ ಅದೂ ಇಳಿಯುತ್ತದೆ. ಜನರ ವಲಸೆಯಿಂದಲೇ ಹೀಗಾಗಿದ್ದರೆ ಇತರ ಜೀನುಗಳೂ ಹಾಗೆಯೇ ಏರಿಳಿಯಬೇಕಾಗಿತ್ತು, ಅವು ಏರಿಳಿಯಲಿಲ್ಲ. ೨೦೦೫ರಲ್ಲಿ ಕೀನ್ಯಾ ದೇಶದ ಮಕ್ಕಳಿಂದ ಇನ್ನೂ ಸ್ವಾರಸ್ಯದ ವರದಿ ಬಂದಿತು. ಆಲ್ಫಾ ಥಲಸೀಮಿಯಾ ಮಲೇರಿಯಾದಿಂದ ಕಾಯುತ್ತದೆ, ಕುಡುಗೋಲು ಕಣದ ಒಂದು ಜೀನೂ ಕಾಯುತ್ತದೆ. ಆದರೆ ಎರಡೂ ಒಂದೇ ಮಗುವಿನಲ್ಲಿ ಕೂಡಿದರೆ ರಕ್ಷಣೆ ಬಹುಮಟ್ಟಿಗೆ ಇಲ್ಲವಾಗುತ್ತದೆ! ಅಲ್ಲಿ ಎರಡು ಕೇಡುಗಳು ಕೂಡಿ ಹಗುರವಾದುವು, ಇಲ್ಲಿ ಎರಡು ಒಳಿತುಗಳು ಕೂಡಿ ಕರಗಿಹೋದುವು.

ಇನ್ನು ಆಸ್ಪತ್ರೆಯ ಮಾತು. ಬಾಲ್ಟಿಮೋರಿನಲ್ಲಿ ಕುತೂಹಲಕ್ಕಾಗಿ ರೂಪಿಸಿದ ಅಳತೆಯ ವಿಧಾನವು ಹತ್ತು ವರ್ಷಗಳಲ್ಲಿ ಚಿಕಿತ್ಸಾಲಯಕ್ಕೆ ಬಂದಿತು. ಗರ್ಭಸ್ಥ ಶಿಶುವಿನ ಒಂದು ಹನಿ ರಕ್ತದಲ್ಲಿ ಸರಪಣಿಗಳ ತಯಾರಿಕೆಯನ್ನು ಅಳೆದು ರೋಗ ಉಂಟೇ ಇಲ್ಲವೇ ಎಂದು ಹೇಳುವುದು ೧೯೭೦ರ ದಶಕದ ನಡುವೆ ಸಾಧ್ಯವಾಯಿತು. ೧೯೮೨ರಲ್ಲಿ ಆಕ್ಸ್‌ಫರ್ಡಿನ ಮತ್ತು ಲಂಡನ್ನಿನ ವೈದ್ಯರು ಗರ್ಭದ ಮೊದಲ ಮೂರು ತಿಂಗಳಲ್ಲಿಯೇ ಡಿಎನ್‌ಎ ಪರೀಕ್ಷೆಯಿಂದ ಅದನ್ನು ತಿಳಿಯುವ ಕ್ರಮವನ್ನು ಪ್ರಕಟಿಸಿದರು. ವಾಹಕರನ್ನು ಮದುವೆಗೆ ಮೊದಲೇ ಗುರುತಿಸುವ ಏರ್ಪಾಡಿನೊಡನೆ ಇದು ಸೇರಿದಾಗ, ಸೈಪ್ರಸ್ ದ್ವೀಪದಲ್ಲಿ ಹೊಸದಾಗಿ ಹುಟ್ಟುವ ರೋಗಿಗಳ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು.

ಲೆಕ್ಕ ಸರಳವಾದುದು. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗು ರೋಗಿಯಾಗುವ ಸಂಭವ ನಾಲ್ಕರಲ್ಲಿ ಒಂದು. ಮ��ದಲ ಮಗುವಿಗೆ ರೋಗ ಬಂದಿದ್ದರೆ ಮುಂದಿನ ಮೂವರು ಕ್ಷೇಮವೆಂದು ತಿಳಿಯುವವರುಂಟು, ಅದು ತಪ್ಪು. ಚಿಮ್ಮಿದ ನಾಣ್ಯಕ್ಕೆ ಹಿಂದಿನ ಚಿಮ್ಮುವಿಕೆಯ ನೆನಪಿರುವುದಿಲ್ಲ. ಒಬ್ಬರು ಮಾತ್ರ ವಾಹಕರಾದರೆ ಮಗುವಿಗೆ ಈ ತೀವ್ರ ರೋಗ ಬರುವುದಿಲ್ಲ. ಮಗುವಿನ ಕಾಯಿಲೆಗೆ ತಾಯಿಯೊಬ್ಬಳನ್ನೇ ದೂರುವ ಮನೆಗಳು ನಮ್ಮಲ್ಲಿ ಇಲ್ಲದಿಲ್ಲ. ಆ ದೂರಿಗೆ ಆಧಾರವೇ ಇಲ್ಲ. ಕನ್ನಡ ನಾಡಿನಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನೂ ಅತ್ತೆಯ ಮಗನಿಗೆ ಮಾವನ ಮಗಳನ್ನೂ ಕೊಡುವ ರೂಢಿ ಹಳೆಯದು. ಸೋದರಮಾವನು ವಾಹಕನಾದರೆ, ರಕ್ತಸಂಬಂಧದಿಂದಲೇ ಅಕ್ಕನ ಮಗಳು ವಾಹಕಳಾಗಿರುವ ಸಂಭವ ನಾಲ್ಕರಲ್ಲಿ ಒಂದು. ಅತ್ತೆ ಮಾವಂದಿರ ಮಕ್ಕಳಲ್ಲಿ ಎಂಟರಲ್ಲಿ ಒಂದು. ಗೊತ್ತುಮಾಡಿಕೊಳ್ಳಲು ಬೇಕಾದುದು ಕೆಂಪು ಕಣಗಳ ಗಾತ್ರವನ್ನು ಅಳೆಯುವ ಸಾಮಾನ್ಯ ರಕ್ತಪರೀಕ್ಷೆ. ಸಂದೇಹ ಬಂದರೆ ಹೀಮೋಗ್ಲೋಬಿನ್ನಿನ ಬಗೆಗಳ ಅಳತೆ.

ಹುಟ್ಟಿದ ಮಕ್ಕಳ ಗತಿಯೇನು? ನಿಯಮಿತವಾಗಿ ರಕ್ತ ಕೊಟ್ಟರೆ ಮಗು ಬೆಳೆಯುತ್ತದೆ. ಆದರೆ ಒಂದು ಚೀಲ ರಕ್ತದೊಡನೆ ೨೦೦ ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣ ಮೈಸೇರುತ್ತದೆ. ದೇಹ ದಿನಕ್ಕೆ ಹೊರಹಾಕಬಲ್ಲದು ಒಂದೆರಡು ಮಿಲಿಗ್ರಾಮು ಮಾತ್ರ. ಮಿಕ್ಕದ್ದು ಯಕೃತ್ತಿನಲ್ಲಿಯೂ ಹೃದಯದಲ್ಲಿಯೂ ಸೇರಿಕೊಂಡು, ಔಷಧದಿಂದ ಅದನ್ನು ತೆಗೆಯದಿದ್ದರೆ, ಹದಿಹರೆಯದಲ್ಲಿಯೇ ಹೃದಯವನ್ನು ನಿಲ್ಲಿಸುತ್ತದೆ. ಬಡ ದೇಶಗಳಲ್ಲಿ ರಕ್ತಕ್ಕೂ ಅಭಾವ, ಔಷಧಕ್ಕೂ ಅಭಾವ. ಆದ್ದರಿಂದ ಯಾವ ಮಗುವಿಗೆ ರಕ್ತ ನಿಜವಾಗಿ ಬೇಕು, ಯಾವುದಕ್ಕೆ ಬೇಡ ಎಂಬ ವಿವೇಚನೆ ಪ್ರಾಣದ ಪ್ರಶ್ನೆ. ವೆದರಾಲ್ ತಮ್ಮ ಇಳಿವಯಸ್ಸಿನ ಬಹುಭಾಗವನ್ನು ಇದಕ್ಕಾಗಿ ಶ್ರೀಲಂಕಾದಲ್ಲಿ ವೆಚ್ಚಮಾಡಿದರು. ಅಲ್ಲಿ, ಬಂಗಾಳ ಮತ್ತು ಆಸಾಮಿನಲ್ಲಿರುವಂತೆ, ಹೀಮೋಗ್ಲೋಬಿನ್ ‘ಇ’ ಎಂಬ ಬದಲಾದ ಬಗೆಯೊಡನೆ ಬೀಟಾ ಥಲಸೀಮಿಯಾ ಕೂಡಿಕೊಂಡ ರೋಗಿಗಳು ಬಹುಮಂದಿ. ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಹೀಮೋಗ್ಲೋಬಿನ್ ಕಡಮೆಯಿದೆಯೆಂಬ ಒಂದೇ ಕಾರಣದಿಂದ ರಕ್ತ ಪಡೆಯುತ್ತಿದ್ದ ಹಲವರಿಗೆ ಅದರ ಅಗತ್ಯವೇ ಇರಲಿಲ್ಲವೆಂದು ತಿಳಿಯಿತು. ಅಂಕಿಯನ್ನು ನೋಡಿ ರಕ್ತ ಕೊಡಬಾರದು, ಮಗು ಬೆಳೆಯುತ್ತಿದೆಯೇ, ಆಡುತ್ತಿದೆಯೇ ಎಂಬುದನ್ನು ನೋಡಬೇಕು. ಅಣುಗಳನ್ನು ಎಣಿಸುತ್ತ ಐವತ್ತು ವರ್ಷ ಕಳೆದವರು ಇದನ್ನು ಹೇಳಿದುದರಿಂದ ಆ ಮಾತಿಗೆ ತೂಕ ಹೆಚ್ಚು. ೨೦೦೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜೀನು ವಿಜ್ಞಾನದ ವರದಿಯನ್ನು ಸಿದ್ಧಪಡಿಸಿದಾಗಲೂ, ಈ ವಿದ್ಯೆ ಶ್ರೀಮಂತ ದೇಶಗಳ ಸೊತ್ತಾಗಿ ಉಳಿಯಬಾರದೆಂಬುದೇ ಅವರ ವಾದವಾಗಿತ್ತು.

ವೆದರಾಲ್ ೨೦೧೮ರ ಡಿಸೆಂಬರಿನಲ್ಲಿ ತೀರಿಕೊಂಡರು. ಐದು ವರ್ಷಗಳ ಬಳಿಕ, ೨೦೨೩ರ ನವೆಂಬರಿನಲ್ಲಿ, ಜೀನುಗಳನ್ನೇ ತಿದ್ದುವ ಚಿಕಿತ್ಸೆಯೊಂದಕ್ಕೆ ಬ್ರಿಟನ್ನು ಒಪ್ಪಿಗೆಯಿತ್ತಿತು. ರೋಗಿಯ ಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಹುಟ್ಟಿದ ಮೇಲೆ ಗಾಮಾ ಸರಪಣಿಯ ಬಾಯಿ ಮುಚ್ಚಿಸುವ ಜೀನಿನ ಬೀಗವನ್ನು ಮುರಿದು, ಮತ್ತೆ ಮೈಗೆ ಸೇರಿಸುವ ವಿಧಾನ ಅದು. ಬೀಟಾ ಜೀನಿನ ದೋಷ ಇದ್ದಂತೆಯೇ ಇರುತ್ತದೆ. ಶೈಶವದ ಗಾಮಾ ಸರಪಣಿಗಳು ಮರಳಿ ಬಂದು, ಮಿಕ್ಕ ಆಲ್ಫಾ ಸರಪಣಿಗಳಿಗೆ ಜೊತೆಯಾಗುತ್ತವೆ. ತಕ್ಕಡಿ ಸಮಕ್ಕೆ ಬರುತ್ತದೆ. ಅಮೆರಿಕದಲ್ಲಿ ಈ ಚಿಕಿತ್ಸೆಗೆ ಗೊತ್ತುಮಾಡಿದ ಬೆಲೆ ಒಬ್ಬ ರೋಗಿಗೆ ೨೨ ಲಕ್ಷ ಡಾಲರು. ಭಾರತದಲ್ಲಿ ವರ್ಷಕ್ಕೆ ಸುಮಾರು ೧೦ ಸಾವಿರ ಮಕ್ಕಳು ತೀವ್ರ ಥಲಸೀಮಿಯಾದೊಡನೆ ಹುಟ್ಟುತ್ತಾರೆಂದು ಅಂದಾಜು. ಇವರು ಎರಡು ಮೂರು ವಾರಗಳಿಗೊಮ್ಮೆ ತಂದೆ ತಾಯಿಗಳೊಡನೆ ರಕ್ತನಿಧಿಯ ಬಾಗಿಲಿಗೆ ಬರಬೇಕು. ಬೇಸಗೆಯಲ್ಲಿ ಕಾಲೇಜುಗಳಿಗೆ ರಜೆ ಬಂದು ವಿದ್ಯಾರ್ಥಿಗಳು ಊರಿಗೆ ಹೋದಾಗ ಅಲ್ಲಿಯ ಕಪಾಟುಗಳು ಬರಿದಾಗುತ್ತವೆ.